ಹಳೇ ಕಾಲದ ಪಾಪ್‌ಕಾರ್ನ್ ಉಂಡೆ: ಮನೆಯಲ್ಲೇ ಮಾಡುವ ಬಗೆ

ಪುರಿ ಉಂಡೆ ಕಟ್ಟಿ ಅಭ್ಯಾಸ ಇರುವವರಿಗೆ ಪಾಪ್‌ಕಾರ್ನ್ ಉಂಡೆ ಅಂಥ ಹೊಸ ವಿದ್ಯೆ ಏನಲ್ಲ. ಅಲ್ಲಿ ಪುರಿ, ಇಲ್ಲಿ ಅರಳಿದ ಮೆಕ್ಕೆಜೋಳ. ಎರಡಕ್ಕೂ ಪಾಕವೇ ಅಂಟು. ಆದರೂ ವಿಡಿಯೋ ನೋಡಿಕೊಂಡು ಮಾಡಿದ ಎಷ್ಟೋ ಜನರ ಉಂಡೆ ಒಂದೋ ಹಲ್ಲಿಗೆ ಬಗ್ಗದಷ್ಟು ಗಟ್ಟಿಯಾಗುತ್ತದೆ, ಇಲ್ಲಾ ಸಂಜೆಯೊಳಗೆ ಬಿಚ್ಚಿಕೊಂಡು ತಟ್ಟೆ ತುಂಬಾ ಹರಡುತ್ತದೆ. ಕಾರಣ ಹೆಚ್ಚಿನ ಸಲ ಒಂದೇ: ಪಾಕದ ಹದ. ಅಳತೆ ಸ್ವಲ್ಪ ಆಚೀಚೆ ಆದರೂ ಉಂಡೆ ನಿಲ್ಲುತ್ತದೆ. ಹದ ತಪ್ಪಿದರೆ ಯಾವ ಅಳತೆಯೂ ಕಾಪಾಡುವುದಿಲ್ಲ. ಅದಕ್ಕೇ ಈ ಲೇಖನದಲ್ಲಿ ಪಾಕದ ಭಾಗ ಉದ್ದ, ಉಳಿದದ್ದು ಚಿಕ್ಕದು.

ಇದು ಅಮೆರಿಕದ ಮನೆಗಳ ಹಳೆಯ ತಿಂಡಿ. 1861ರಲ್ಲಿ ಅಲ್ಲಿ ಬಂದ ಒಂದು ಅಡುಗೆ ಪುಸ್ತಕದಲ್ಲಿ ಇದರ ವಿಧಾನ ಒಂದೇ ಸಾಲಿನಲ್ಲಿ ಮುಗಿದುಹೋಗಿದೆ. ಜೇನುತುಪ್ಪವನ್ನೋ ಸಕ್ಕರೆಯನ್ನೋ ಎಳೆ ಬರುವ ತನಕ ಕಾಯಿಸಿ, ಅದರಲ್ಲಿ ಪಾಪ್‌ಕಾರ್ನ್ ಸೇರಿಸಿ ಉಂಡೆ ಕಟ್ಟಿ, ಅಷ್ಟೇ. ಡಿಗ್ರಿ ಇಲ್ಲ, ಥರ್ಮಾಮೀಟರ್ ಇಲ್ಲ. ನಮ್ಮ ಅಜ್ಜಿಯರು ಹೇಳುತ್ತಿದ್ದ ರೀತಿಯೂ ಇದೇ ಅಲ್ವಾ? ‘ಎಳೆ ಬರಲಿ, ಆಮೇಲೆ ಹಾಕು.’

ಅಲ್ಲಿನ ಹಳ್ಳಿಗಳಲ್ಲಿ ಬಿಳಿ ಸಕ್ಕರೆ ದುಬಾರಿಯಾಗಿದ್ದ ಕಾಲದಲ್ಲಿ ಈ ಉಂಡೆಗೆ ಹಾಕುತ್ತಿದ್ದದ್ದು ಮೊಲಾಸಸ್, ಅಂದರೆ ಸಕ್ಕರೆ ಮಾಡುವಾಗ ಉಳಿಯುವ ಕಪ್ಪು ಕಾಕಂಬಿ. ಇಲ್ಲವೇ ಸಿಹಿ ಜೋಳದ ದಂಟನ್ನು ಗಾಣಕ್ಕೆ ಕೊಟ್ಟು, ರಸ ತೆಗೆದು, ಕಾಯಿಸಿ ಇಳಿಸಿದ ಪಾಕ. ನಾವು ರೊಟ್ಟಿ ತಟ್ಟುವ ಜೋಳದ ಜಾತಿಯದೇ ಬೆಳೆ ಅದು, ದಂಟಿನಲ್ಲಿ ಸಿಹಿ ಜಾಸ್ತಿ. ನೆಬ್ರಾಸ್ಕಾ ರಾಜ್ಯದವರು ಇದರ ಮೇಲೆ ಒಂದು ಬುರುಡೆ ಕಥೆಯನ್ನೇ ಕಟ್ಟಿದ್ದಾರೆ. ಒಂದು ವರ್ಷ ಒಂದು ಪಟ್ಟಿ ಹೊಲಕ್ಕೆ ಸುಡು ಬಿಸಿಲು, ಪಕ್ಕದ ಪಟ್ಟಿಗೆ ಜಡಿಮಳೆ. ಬಿಸಿಲಿಗೆ ಮೆಕ್ಕೆಜೋಳವೆಲ್ಲ ಹೊಲದಲ್ಲೇ ಅರಳಿತಂತೆ. ಮಳೆಗೆ ಜೋಳದ ದಂಟಿನ ಸಿಹಿಯೆಲ್ಲ ಕರಗಿ ಗುಡ್ಡದಿಂದ ಹರಿದು ಬಂದು ಅದಕ್ಕೆ ಸೇರಿತಂತೆ. ಉಂಡೆ ತಾನೇ ಉರುಳಿ ಉರುಳಿ ದೊಡ್ಡದಾಯಿತಂತೆ! ನಮ್ಮ ಉತ್ತರ ಕರ್ನಾಟಕದಲ್ಲಿ ದಂಟಿನ ಬದಲು ಕಾಳನ್ನೇ ಹುರಿದು, ನಾಗರ ಪಂಚಮಿಗೆ ಜೋಳದ ಅಳ್ಳು ಮಾಡುತ್ತಾರೆ. ಈ ಉಂಡೆಯ ಹತ್ತಿರದ ನೆಂಟ ಅದು.

1902ರಲ್ಲಿ ಕ್ಯಾರೋ ಎಂಬ ಹೆಸರಿನ ಕಾರ್ನ್ ಸಿರಪ್ ಅಮೆರಿಕದ ಅಂಗಡಿಗಳಿಗೆ ಬಂತು. ಅಲ್ಲಿಂದ ಉಂಡೆಯ ಬಣ್ಣ ಕಪ್ಪಿನಿಂದ ಬಿಳಿಗೆ ತಿರುಗಿತು. ಇವತ್ತು ‘ಹಳೇ ಕಾಲದ ಪಾಪ್‌ಕಾರ್ನ್ ಉಂಡೆ’ ಅಂತ ಸಿಗುವ ವಿಧಾನಗಳಲ್ಲಿ ಹೆಚ್ಚಿನವು ಈ ಬಿಳಿ ಉಂಡೆಯವು. ನಾನು ಎರಡನ್ನೂ ಹೇಳುತ್ತೇನೆ. ಕಲಿಯುವುದಕ್ಕೆ ಬಿಳಿಯದು ಸುಲಭ. ತಿನ್ನುವುದಕ್ಕೆ ನನ್ನ ಓಟು ಕಪ್ಪಿಗೆ.

ಬೇಕಾಗುವ ಸಾಮಾನು

ಚೆಂಡಿನ ಗಾತ್ರದ 10ರಿಂದ 12 ಉಂಡೆಗೆ:

- ಪಾಪ್‌ಕಾರ್ನ್ ಕಾಳು: ಅರ್ಧ ಕಪ್ (ಸುಮಾರು 100 ಗ್ರಾಂ)
- ಕಾಳು ಅರಳಿಸಲು ಎಣ್ಣೆ: 2ರಿಂದ 3 ಟೇಬಲ್ ಚಮಚ
- ಸಕ್ಕರೆ: 1 ಕಪ್ (200 ಗ್ರಾಂ)
- ಲಿಕ್ವಿಡ್ ಗ್ಲೂಕೋಸ್: ಕಾಲು ಕಪ್‌ಗಿಂತ ಸ್ವಲ್ಪ ಜಾಸ್ತಿ (ಸುಮಾರು 100 ಗ್ರಾಂ)
- ನೀರು: ಕಾಲು ಕಪ್‌ಗಿಂತ ಸ್ವಲ್ಪ ಜಾಸ್ತಿ (80 ಮಿಲಿ)
- ಬೆಣ್ಣೆ: 2 ಟೇಬಲ್ ಚಮಚ, ಕೈಗೆ ಸವರಿಕೊಳ್ಳಲು ಬೇರೆ
- ಉಪ್ಪು: ಮುಕ್ಕಾಲು ಟೀ ಚಮಚ
- ವೆನಿಲಾ ಎಸೆನ್ಸ್: 1 ಟೀ ಚಮಚ

ಕಾಳಿನ ಬಗ್ಗೆ ಒಂದು ಮಾತು. ದಾವಣಗೆರೆ, ಹಾವೇರಿ ಕಡೆ ರಾಶಿ ರಾಶಿ ಬೆಳೆಯುವ ಮಾಮೂಲಿ ಮೆಕ್ಕೆಜೋಳ ಇದಕ್ಕೆ ಆಗುವುದಿಲ್ಲ. ಪಾಪ್‌ಕಾರ್ನ್‌ಗೆ ಬೇರೆಯೇ ತಳಿ ಇದೆ. ಕಾಳು ಚಿಕ್ಕದು, ಸಿಪ್ಪೆ ಗಟ್ಟಿ. ಆ ಸಿಪ್ಪೆಯೊಳಗೆ ನೂರಕ್ಕೆ 14ರಷ್ಟು ನೀರಿನಂಶ ಇರುತ್ತದೆ. ಕಾಳು ಸುಮಾರು 180 ಡಿಗ್ರಿಗೆ ಕಾದಾಗ ಒಳಗಿನ ನೀರು ಆವಿಯಾಗಿ ಒತ್ತಡ ತಡೆಯಲಾರದೆ ಸಿಪ್ಪೆ ಸಿಡಿಯುತ್ತದೆ. ಮಾಮೂಲಿ ಮೆಕ್ಕೆಜೋಳದ ಸಿಪ್ಪೆ ಅಷ್ಟು ಒತ್ತಡ ಹಿಡಿದಿಡುವುದಿಲ್ಲ. ಆವಿ ಸುಮ್ನೆ ಸೋರಿಹೋಗಿ ಕಾಳು ಹುರಿದುಕೊಂಡು ಕೂರುತ್ತದೆ. ದಿನಸಿ ಅಂಗಡಿಯಲ್ಲಿ ಪಾಪ್‌ಕಾರ್ನ್ ಕಾಳು ಅಂತಲೇ ಕೇಳಿ.

ಉಪ್ಪು, ಎಣ್ಣೆ, ಮಸಾಲೆ ಮೊದಲೇ ಸೇರಿಸಿದ ದಿಢೀರ್ ಪ್ಯಾಕೆಟ್ ಬೇಡ. ಮೈಕ್ರೋವೇವ್ ಚೀಲದ್ದೂ ಬೇಡ. ಅದರ ಜಿಡ್ಡಿನ ಮೇಲೆ ಪಾಕ ಸರಿಯಾಗಿ ಹಿಡಿಯುವುದಿಲ್ಲ, ಉಪ್ಪಿನ ಲೆಕ್ಕವೂ ಕೆಡುತ್ತದೆ.

ಲಿಕ್ವಿಡ್ ಗ್ಲೂಕೋಸ್ ಬೇಕರಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಅಮೆರಿಕದವರ ಕಾರ್ನ್ ಸಿರಪ್ ಅಂದರೆ ಮೆಕ್ಕೆಜೋಳದ ಗಂಜಿಯಿಂದ ತೆಗೆದ ಗ್ಲೂಕೋಸ್ ಪಾಕ. ಹಾಗಾಗಿ ಎರಡೂ ಹೆಚ್ಚು ಕಡಿಮೆ ಒಂದೇ ಸಾಮಾನು, ನಮ್ಮಲ್ಲಿ ಸಿಗುವುದು ಇನ್ನೂ ಗಟ್ಟಿ. ಡಬ್ಬಿಯಿಂದ ತೆಗೆಯುವಾಗ ಕೈಯನ್ನೂ ಚಮಚವನ್ನೂ ನೀರಲ್ಲಿ ಅದ್ದಿಕೊಳ್ಳಿ, ಇಲ್ಲದಿದ್ದರೆ ಬೆರಳಿಗೆ ಅಂಟಿ ಪೀಡಿಸುತ್ತದೆ. ಇದು ಸಿಗದಿದ್ದರೆ ಅದೇ ಅಳತೆ ಜೇನುತುಪ್ಪ ಹಾಕಬಹುದು. ಪರಿಮಳ ಬೇರೆಯಾಗುತ್ತದೆ, ಕೆಲಸ ನಡೆಯುತ್ತದೆ. ಎರಡೂ ಇಲ್ಲವೆಂದರೆ ಸಕ್ಕರೆಯನ್ನು ಒಂದೂಕಾಲು ಕಪ್ ಮಾಡಿ, 1 ಟೀ ಚಮಚ ನಿಂಬೆರಸ ಹಾಕಿ. ಹಳೆಯ ಅಮೆರಿಕನ್ ಮನೆಗಳಲ್ಲಿ ಇದೇ ಕೆಲಸಕ್ಕೆ ಒಂದು ಚಮಚ ವಿನೆಗರ್ ಹಾಕುತ್ತಿದ್ದರು. ಹುಳಿಯ ಕೆಲಸ ಏನು ಅಂತ ಪಾಕದ ಭಾಗದಲ್ಲಿ ಹೇಳುತ್ತೇನೆ.

ಕಾಳು ಅರಳಿಸುವುದು

ತಳ ದಪ್ಪ ಇರುವ ದೊಡ್ಡ ಪಾತ್ರೆ ತೆಗೆದುಕೊಳ್ಳಿ. 5 ಲೀಟರ್ ಕುಕ್ಕರ್‌ನ ಪಾತ್ರೆ ಚೆನ್ನಾಗಿ ಒದಗುತ್ತದೆ. ಆದರೆ ಅದರ ಮುಚ್ಚಳ ಹಾಕಿ ಬಿಗಿಯಬೇಡಿ, ಮೇಲೆ ಬೇರೆ ತಟ್ಟೆ ಮುಚ್ಚಿ. ಎಣ್ಣೆ ಹಾಕಿ, ಮೂರು ಕಾಳು ಬಿಟ್ಟು, ಮಧ್ಯಮ ಉರಿಯಲ್ಲಿಡಿ. ಮೂರೂ ಸಿಡಿದ ಮೇಲೆ ಉಳಿದ ಕಾಳನ್ನೆಲ್ಲ ಹಾಕಿ, ಒಲೆಯಿಂದ ಇಳಿಸಿ, ಅರ್ಧ ನಿಮಿಷ ಬಿಡಿ. ಮತ್ತೆ ಒಲೆಗೆ ಏರಿಸಿ. ಈ ಅರ್ಧ ನಿಮಿಷದಲ್ಲಿ ಎಲ್ಲ ಕಾಳೂ ಒಂದೇ ಸಮ ಕಾಯುತ್ತವೆ. ಆಮೇಲೆ ಹೆಚ್ಚು ಕಡಿಮೆ ಒಟ್ಟಿಗೇ ಅರಳುತ್ತವೆ. ಸೀಯುವುದೂ ಕಡಿಮೆ, ಅರಳದೆ ಉಳಿಯುವುದೂ ಕಡಿಮೆ.

ಪಾತ್ರೆಯನ್ನು ಆಗಾಗ ಅಲುಗಾಡಿಸಿ. ತಟ್ಟೆಯನ್ನು ಒಂದು ಕಡೆ ಕೂದಲೆಳೆಯಷ್ಟು ಸರಿಸಿಡಿ. ಆವಿ ಹೊರಗೆ ಹೋಗದಿದ್ದರೆ ಅರಳಿದ್ದೆಲ್ಲ ಮೆತ್ತಗಾಗುತ್ತದೆ. ಮೆತ್ತಗಾದ ಪಾಪ್‌ಕಾರ್ನ್‌ಗೆ ಎಂಥ ಪಾಕ ಸುರಿದರೂ ಉಂಡೆ ಗರಿಗರಿಯಾಗದು. ಸಿಡಿತದ ನಡುವೆ ಎರಡು ಮೂರು ಸೆಕೆಂಡು ಅಂತರ ಬಂದಾಗ ಉರಿ ಆರಿಸಿ.

ಕಾಳು ಹಳತಾಗಿ ಒಣಗಿದ್ದರೆ ಅರ್ಧಕ್ಕರ್ಧ ಅರಳದೆ ಉಳಿಯುತ್ತದೆ. ಬಿಸಾಡುವ ಅಗತ್ಯ ಇಲ್ಲ. ಅರ್ಧ ಕಿಲೋ ಕಾಳಿಗೆ ಒಂದು ಟೇಬಲ್ ಚಮಚ ನೀರು ಚಿಮುಕಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಚೆನ್ನಾಗಿ ಕುಲುಕಿ ಎರಡು ಮೂರು ದಿನ ಇಡಿ. ನೀರು ಕಾಳಿನೊಳಕ್ಕೆ ಇಳಿಯುತ್ತದೆ, ಮತ್ತೆ ಅರಳುತ್ತದೆ.

ಈಗ ಬರುವುದು ಜನ ಬಿಟ್ಟುಬಿಡುವ ಹೆಜ್ಜೆ, ಅರಳದ ಕಾಳು ಆರಿಸುವುದು. ಬಟ್ಟಲಲ್ಲಿ ಹಾಕಿಕೊಂಡು ತಿನ್ನುವಾಗ ಗಟ್ಟಿ ಕಾಳು ಕಣ್ಣಿಗೆ ಬೀಳುತ್ತದೆ. ಉಂಡೆಯೊಳಗೆ ಸೇರಿಕೊಂಡರೆ ಕಾಣುವುದಿಲ್ಲ, ಹಲ್ಲು ಮುರಿದ ಮೇಲೇ ಗೊತ್ತಾಗುವುದು. ಎಲ್ಲವನ್ನೂ ಅಗಲ ಪಾತ್ರೆಗೆ ಸುರಿದು ಕುಲುಕಿ. ಕಾಳು ತಳಕ್ಕೆ ಇಳಿಯುತ್ತದೆ. ಅರಳಿದ್ದನ್ನು ಮಾತ್ರ ಎರಡೂ ಕೈಯಿಂದ ಮೇಲಿಂದ ಎತ್ತಿ, ಬೆಣ್ಣೆ ಸವರಿದ ಇನ್ನೊಂದು ದೊಡ್ಡ ಪಾತ್ರೆಗೆ ಹಾಕಿ. ಪಾತ್ರೆಯನ್ನು ಮೇಲೆ ಕೆಳಗೆ ಮಾಡಿ ಬಗ್ಗಿಸಿದರೆ ಕಾಳೂ ಜೊತೆಗೇ ಬೀಳುತ್ತದೆ, ಹಾಗೆ ಮಾಡಬೇಡಿ. ಅರ್ಧ ಕಪ್ ಕಾಳಿಗೆ ಮೂರೂವರೆ ಲೀಟರ್ ಹಿಡಿಯುವ ಪಾತ್ರೆ ತುಂಬುವಷ್ಟು ಪಾಪ್‌ಕಾರ್ನ್ ಬರುತ್ತದೆ. ಕಲಸಲು ಅದಕ್ಕಿಂತ ದೊಡ್ಡದು ಬೇಕು. ಮನೆಯಲ್ಲಿ ಇರುವುದರಲ್ಲೇ ದೊಡ್ಡ ಪಾತ್ರೆ ತೆಗೆಯಿರಿ.

ಓವನ್ ಇರುವವರು ಪಾಪ್‌ಕಾರ್ನನ್ನು ಪಾತ್ರೆ ಸಮೇತ 100 ಡಿಗ್ರಿಯಲ್ಲಿ ಬಿಸಿಯಾಗಿ ಇಟ್ಟುಕೊಳ್ಳಿ. ಇಲ್ಲದವರು ಒಲೆಯ ಪಕ್ಕದಲ್ಲಿಡಿ. ತಣ್ಣಗಿನ ಪಾಪ್‌ಕಾರ್ನ್‌ಗೆ ಬಿಸಿ ಪಾಕ ಬಿದ್ದರೆ ಬಿದ್ದ ಕಡೆಯೇ ಗಟ್ಟಿಯಾಗುತ್ತದೆ, ಹರಡುವುದಿಲ್ಲ.

ಪಾಕ

ಸಕ್ಕರೆ, ಗ್ಲೂಕೋಸ್, ನೀರು, ಬೆಣ್ಣೆ, ಉಪ್ಪು ಎಲ್ಲವನ್ನೂ ತಳ ದಪ್ಪದ ಪಾತ್ರೆಗೆ ಹಾಕಿ. ಪಾಕ ಕುದಿಯುವಾಗ ಮೂರು ಪಟ್ಟು ಉಬ್ಬುತ್ತದೆ, ಅದಕ್ಕೆ ಎತ್ತರ ಇರುವ ಪಾತ್ರೆಯೇ ಆಗಲಿ. ಸಣ್ಣ ಉರಿಯಲ್ಲಿ ಸಕ್ಕರೆ ಪೂರ್ತಿ ಕರಗುವ ತನಕ ಕೈಯಾಡಿಸಿ. ಕರಗಿ ಕುದಿ ಬಂದ ಮೇಲೆ ಕೈಯಾಡಿಸುವುದು ನಿಲ್ಲಿಸಿ. ಪಾತ್ರೆಯ ಗೋಡೆಗೆ ಸಕ್ಕರೆ ಹರಳು ಅಂಟಿದ್ದರೆ ಒದ್ದೆ ಬ್ರಷ್‌ನಿಂದ ಒರೆಸಿ ಕೆಳಗೆ ಇಳಿಸಿ.

ಯಾಕೆ ಈ ಎಚ್ಚರಿಕೆ? ಸಕ್ಕರೆಗೆ ಮತ್ತೆ ಹರಳಾಗುವ ಚಟ ಇದೆ. ಒಂದು ಹರಳು ಕುದಿಯುವ ಪಾಕಕ್ಕೆ ಬಿದ್ದರೂ ಅದನ್ನು ಹಿಡಿದುಕೊಂಡು ಉಳಿದದ್ದೂ ಹರಳುಗಟ್ಟುತ್ತದೆ. ನೋಡನೋಡುತ್ತ ಪಾಕ ಮರಳು ಮರಳಾಗುತ್ತದೆ. ಗ್ಲೂಕೋಸ್ ಹಾಕುವುದು ಇದನ್ನು ತಡೆಯಲಿಕ್ಕೇ. ಬೇರೆ ಜಾತಿಯ ಸಕ್ಕರೆ ಮಧ್ಯೆ ಸೇರಿಕೊಂಡರೆ ಹರಳು ಕಟ್ಟಲು ಆಗುವುದಿಲ್ಲ. ನಿಂಬೆರಸ, ವಿನೆಗರ್ ಕೂಡ ಅದೇ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡುತ್ತವೆ. ಹುಳಿ ಮತ್ತು ಬಿಸಿ ಸೇರಿದಾಗ ಸಕ್ಕರೆಯ ಒಂದು ಭಾಗ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಜಾಮೂನಿನ ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುವುದೂ ಇದಕ್ಕೇ.

ಇನ್ನು ಹದ. ನಮಗೆ ಬೇಕಾಗಿರುವುದು ಚಿಕ್ಕಿ ಪಾಕವೂ ಅಲ್ಲ, ಎಳೆ ಪಾಕವೂ ಅಲ್ಲ. ನಡುವಿನದು, ಗಟ್ಟಿ ಉಂಡೆ ಪಾಕ. ಒಂದು ಬಟ್ಟಲಲ್ಲಿ ತಣ್ಣೀರು ಇಟ್ಟುಕೊಳ್ಳಿ. ಕುದಿ ಬಂದು ಐದಾರು ನಿಮಿಷ ಆದ ಮೇಲೆ ಚಮಚದಿಂದ ಒಂದೆರಡು ಹನಿ ಪಾಕ ಅದಕ್ಕೆ ಬಿಡಿ, ಬೆರಳಲ್ಲಿ ಒಟ್ಟು ಮಾಡಿ ನೋಡಿ.

ಹನಿ ನೀರಲ್ಲಿ ಹರಡಿ ಕರಗಿದರೆ ಇನ್ನೂ ಎಳೆ ಪಾಕದ ಮಟ್ಟದಲ್ಲೇ ಇದೆ. ರವೆ ಉಂಡೆಗೆ ಸಾಕು, ಇದಕ್ಕೆ ಸಾಲದು. ಬೆರಳಿಗೆ ಉಂಡೆಯಾಗಿ ಸಿಕ್ಕಿ, ನೀರಿಂದ ಹೊರಗೆ ತೆಗೆದ ಕೂಡಲೇ ಚಪ್ಪಟೆಯಾದರೆ ಪಾಕ ಸುಮಾರು 115 ಡಿಗ್ರಿಯಲ್ಲಿದೆ. ಈ ಹಂತದಲ್ಲಿ ಇಳಿಸಿದರೆ ಉಂಡೆ ಕಟ್ಟಲು ಬರುತ್ತದೆ, ಆದರೆ ರಾತ್ರಿಯೊಳಗೆ ಜಿಗುಟಾಗಿ ಕುಸಿಯುತ್ತದೆ. ಇನ್ನೂ ಕಾಯಿಸಿ. ಆಗಾಗ ನೋಡುತ್ತಿರಿ. ಹೊರಗೆ ತೆಗೆದ ಮೇಲೂ ಉಂಡೆ ಗುಂಡಗೇ ನಿಂತು, ಗಟ್ಟಿಯಾಗಿ ಒತ್ತಿದರೆ ಮಾತ್ರ ಸ್ವಲ್ಪ ಒಳಗೆ ಹೋದರೆ, ಅದೇ ಹದ. ಬಟ್ಟಲಿನ ಅಂಚಿಗೆ ಬಡಿದರೆ ಟಕ್ ಅನ್ನಬೇಕು. ಥರ್ಮಾಮೀಟರ್‌ನಲ್ಲಿ ಇದು 121ರಿಂದ 130 ಡಿಗ್ರಿ ನಡುವೆ ಬರುತ್ತದೆ. ನಾನು 125ಕ್ಕೆ ನಿಲ್ಲಿಸಿ ಎನ್ನುತ್ತೇನೆ. ನೀರಿಗೆ ಬಿಟ್ಟ ಹನಿ ದಾರದಂತೆ ನಿಂತು ಬಾಗಿಸಿದರೆ ಪಟ್ ಎಂದು ಮುರಿದರೆ ಹದ ದಾಟಿ ಚಿಕ್ಕಿಯ ಕಡೆ ಹೊರಟಿದೆ. ಆ ಪಾಕದ ಉಂಡೆಯನ್ನು ಕಚ್ಚಲು ಆಗುವುದಿಲ್ಲ. ಅದನ್ನು ತಟ್ಟೆಗೆ ಸುರಿದು ಚಿಕ್ಕಿ ಮಾಡಿಕೊಳ್ಳುವುದೇ ವಾಸಿ.

ಪರೀಕ್ಷೆ ಮಾಡುವಾಗ ಪ್ರತಿ ಸಲ ಉರಿ ಆರಿಸಿ. ನೀವು ಬಟ್ಟಲಲ್ಲಿ ಬೆರಳಾಡಿಸುವ ಹೊತ್ತಲ್ಲಿ ಒಲೆಯ ಮೇಲಿನ ಪಾಕ ಸುಮ್ನೆ ಕೂರುವುದಿಲ್ಲ, 120 ದಾಟಿದ ಮೇಲೆ ಬಲು ಬೇಗ ಏರುತ್ತದೆ.

ಥರ್ಮಾಮೀಟರ್ ಬಳಸುವವರಿಗೆ ಒಂದು ಮುಖ್ಯ ಸಂಗತಿ. ಪುಸ್ತಕದಲ್ಲಿ ಇರುವ ಡಿಗ್ರಿಗಳೆಲ್ಲ ಸಮುದ್ರ ಮಟ್ಟದ ಲೆಕ್ಕ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ 97ಕ್ಕೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಪಾಕದ ಹದ ನಿಂತಿರುವುದು ಅದರಲ್ಲಿ ಉಳಿದ ನೀರಿನ ಪ್ರಮಾಣದ ಮೇಲೆ. ಎತ್ತರದ ಊರಲ್ಲಿ ಅಷ್ಟೇ ನೀರು ಕಡಿಮೆ ಡಿಗ್ರಿಗೇ ಆವಿಯಾಗಿ ಹೋಗಿರುತ್ತದೆ. ಹಾಗಾಗಿ ಬೆಂಗಳೂರಿನವರು 125ರ ಬದಲು 122ಕ್ಕೆ ಇಳಿಸಬೇಕು. ಇದನ್ನು ಕಂಡುಕೊಳ್ಳುವುದು ಸುಲಭ. ಮೊದಲು ಬರೀ ನೀರು ಕುದಿಸಿ ಥರ್ಮಾಮೀಟರ್ ಇಟ್ಟು ನೋಡಿ. 100ಕ್ಕೆ ಎಷ್ಟು ಕಡಿಮೆ ತೋರಿಸುತ್ತದೋ ಅಷ್ಟನ್ನು ಪಾಕದ ಲೆಕ್ಕದಲ್ಲೂ ಕಳೆಯಿರಿ. ಯಂತ್ರದ ತಪ್ಪೂ ಇದರಲ್ಲೇ ಸರಿಹೋಗುತ್ತದೆ. ಮೊನೆ ಪಾತ್ರೆಯ ತಳಕ್ಕೆ ತಾಗದಿರಲಿ. ತಣ್ಣೀರ ಬಟ್ಟಲಿಗೆ ಈ ಯಾವ ಲೆಕ್ಕವೂ ಬೇಡ, ಯಾವ ಊರಲ್ಲಾದರೂ ಅದು ನಿಜವನ್ನೇ ಹೇಳುತ್ತದೆ. ಎರಡೂ ಇದ್ದರೆ ನಾನು ಬಟ್ಟಲನ್ನೇ ನಂಬುತ್ತೇನೆ.

ಹದ ಬಂದ ಕೂಡಲೇ ಇಳಿಸಿ, ವೆನಿಲಾ ಹಾಕಿ ಒಂದು ಸುತ್ತು ಕಲಸಿ. ಮೊದಲೇ ಹಾಕಿದರೆ ಪರಿಮಳ ಆವಿಯ ಜೊತೆ ಹೋಗುತ್ತದೆ. ಹಾಕುವಾಗ ಪಾಕ ಚಟಪಟ ಅನ್ನುತ್ತದೆ, ಮುಖ ದೂರ ಇರಲಿ.

ಕಲಸುವುದು, ಕಟ್ಟುವುದು

ಇಲ್ಲಿ ಇಬ್ಬರು ಇದ್ದರೆ ಒಳ್ಳೆಯದು. ಒಬ್ಬರು ಪಾಕವನ್ನು ಸಣ್ಣ ಧಾರೆಯಲ್ಲಿ ಸುತ್ತಲೂ ಸುರಿಯಬೇಕು. ಇನ್ನೊಬ್ಬರು ಬೆಣ್ಣೆ ಸವರಿದ ಎರಡು ಮರದ ಸೌಟುಗಳಿಂದ ತಳದಿಂದ ಮೇಲಕ್ಕೆ ಎತ್ತಿ ಎತ್ತಿ ಕಲಸಬೇಕು. ಒತ್ತಿ ಕಲಸಿದರೆ ಪಾಪ್‌ಕಾರ್ನ್ ಪುಡಿಯಾಗುತ್ತದೆ. ಪ್ರತಿ ಅರಳಿಗೂ ಪಾಕ ಹತ್ತಲೇಬೇಕು ಅಂತೇನೂ ಇಲ್ಲ. ಅಲ್ಲಲ್ಲಿ ಬಿಳಿ ಉಳಿದರೆ ತಿನ್ನುವಾಗ ಚೆನ್ನ.

ಆಮೇಲೆ ಒಂದೆರಡು ನಿಮಿಷ ಕಾಯಿರಿ. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪಾಕ ಕುದಿನೀರಿಗಿಂತ 25 ಡಿಗ್ರಿ ಜಾಸ್ತಿ ಬಿಸಿ. ನೀರು ಮೈಮೇಲೆ ಬಿದ್ದರೆ ಹರಿದುಹೋಗುತ್ತದೆ, ಪಾಕ ಅಲ್ಲೇ ಅಂಟಿ ಸುಡುತ್ತಲೇ ಇರುತ್ತದೆ. ಪಕ್ಕದಲ್ಲಿ ಒಂದು ಪಾತ್ರೆ ತಣ್ಣೀರು ಇಟ್ಟುಕೊಂಡೇ ಕೆಲಸಕ್ಕೆ ಕೂರಿ. ಕೈಗೆ ಅಂಟಿದರೆ ತಕ್ಷಣ ಅದರಲ್ಲಿ ಮುಳುಗಿಸಿ. ಪಾಕ ಒಲೆಯ ಮೇಲಿರುವಾಗ ಮಕ್ಕಳು ಅಡುಗೆಮನೆಯಿಂದ ಹೊರಗಿರಲಿ. ಕಟ್ಟುವ ಹೊತ್ತಿಗೆ, ಬಿಸಿ ಇಳಿದ ಮೇಲೆ, ದೊಡ್ಡ ಮಕ್ಕಳನ್ನು ಕರೆಯಬಹುದು.

ಅಂಗೈಗೆ ಬೆಣ್ಣೆ ಧಾರಾಳವಾಗಿ ಸವರಿಕೊಳ್ಳಿ. ತುಪ್ಪವೂ ಆದೀತು. ಪುರಿ ಉಂಡೆ ಕಟ್ಟುವಾಗ ಕೆಲವರು ಕೈ ಒದ್ದೆ ಮಾಡಿಕೊಳ್ಳುತ್ತಾರೆ. ಇಲ್ಲಿ ನೀರು ಬೇಡ. ಪಾಪ್‌ಕಾರ್ನ್ ನೀರು ಮುಟ್ಟಿದ ಕಡೆ ಕುಗ್ಗಿ ರಬ್ಬರ್ ಆಗುತ್ತದೆ. ಒಂದು ಹಿಡಿ ತೆಗೆದುಕೊಂಡು ಮೊದಲು ಸಡಿಲವಾಗಿ ಗುಂಡಗೆ ಮಾಡಿ, ಬೆಣ್ಣೆ ಸವರಿದ ತಟ್ಟೆಯ ಮೇಲಿಡಿ. ಹೀಗೆ ಎಲ್ಲವನ್ನೂ ಬೇಗ ಬೇಗ ಮುಗಿಸಿ. ಎರಡನೇ ಸುತ್ತಿನಲ್ಲಿ, ಪಾಕ ಇನ್ನಷ್ಟು ಆರಿದಾಗ, ಒಂದೊಂದನ್ನೇ ಎತ್ತಿ ಎರಡೂ ಅಂಗೈ ನಡುವೆ ತಿರುಗಿಸಿ ಸರಿಯಾದ ಆಕಾರಕ್ಕೆ ತನ್ನಿ. ಒಂದೇ ಸಲಕ್ಕೆ ಪೂರ್ತಿ ಉಂಡೆ ಮಾಡುತ್ತ ಕೂತರೆ ನಾಲ್ಕು ಆಗುವಷ್ಟರಲ್ಲಿ ಪಾತ್ರೆಯಲ್ಲಿದ್ದದ್ದು ಗಟ್ಟಿಯಾಗಿರುತ್ತದೆ.

ಎಷ್ಟು ಒತ್ತಬೇಕು? ಪುರಿ ಉಂಡೆಗೆ ಒತ್ತುವುದಕ್ಕಿಂತ ಕಡಿಮೆ. ಪುರಿ ಸಣ್ಣದು, ಒಂದರ ಪಕ್ಕ ಒಂದು ಕೂರುತ್ತದೆ. ಪಾಪ್‌ಕಾರ್ನ್ ಕೊಂಬು ಕೊಂಬಾಗಿ ಇರುವುದರಿಂದ ಒಂದಕ್ಕೊಂದು ಸಿಕ್ಕಿಹಾಕಿಕೊಂಡೇ ನಿಲ್ಲುತ್ತದೆ. ಜೋರಾಗಿ ಒತ್ತಿದರೆ ನಡುವಿನ ಗಾಳಿಯೆಲ್ಲ ಹೋಗಿ ಉಂಡೆ ಗಟ್ಟಿ ಗಡ್ಡೆಯಾಗುತ್ತದೆ. ಕೈ ಬಿಟ್ಟಾಗ ಬಿಚ್ಚಿಕೊಳ್ಳದಿದ್ದರೆ ಸಾಕು, ನಿಲ್ಲಿಸಿ. ಮಧ್ಯದಲ್ಲಿ ಮಿಶ್ರಣ ಗಟ್ಟಿಯಾಗಿಬಿಟ್ಟರೆ ಪಾತ್ರೆಯನ್ನು ಓವನ್‌ನಲ್ಲೋ ತವಾದ ಮೇಲೋ ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಇಟ್ಟರೆ ಮತ್ತೆ ಸಡಿಲವಾಗುತ್ತದೆ.

ಕಪ್ಪು ಉಂಡೆ

ಮೊಲಾಸಸ್ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅದರ ಜಾಗಕ್ಕೆ ನಮ್ಮ ಮಲೆನಾಡಿನ ಜೋನಿ ಬೆಲ್ಲ, ಅಂದರೆ ಅಚ್ಚು ಕಟ್ಟದ ನೀರು ಬೆಲ್ಲ, ಸೊಗಸಾಗಿ ಕೂರುತ್ತದೆ. ಮೊಲಾಸಸ್‌ಗೆ ಒಂದು ಕಹಿ ಇರುತ್ತದೆ, ಜೋನಿಗೆ ಅದು ಇಲ್ಲ. ನಿಜ ಹೇಳಬೇಕೆಂದರೆ, ಜೋಳದ ದಂಟಿನ ಪಾಕದ ಹಳೆಯ ಉಂಡೆಗೆ ಇದೇ ಹೆಚ್ಚು ಹತ್ತಿರ. ಎರಡೂ ದಂಟಿನ ರಸವನ್ನು ಕಾಯಿಸಿ, ಸಕ್ಕರೆ ಬೇರೆ ಮಾಡದೆ ಹಾಗೇ ಇಳಿಸಿದವು.

ಅದೇ ಅಳತೆ ಪಾಪ್‌ಕಾರ್ನ್‌ಗೆ ಜೋನಿ ಬೆಲ್ಲ 1 ಕಪ್, ಸಕ್ಕರೆ ಕಾಲು ಕಪ್, ಬೆಣ್ಣೆ 2 ಟೇಬಲ್ ಚಮಚ, ಉಪ್ಪು ಅರ್ಧ ಟೀ ಚಮಚ. ನೀರು ಬೇಡ, ಗ್ಲೂಕೋಸೂ ಬೇಡ. ಜೋನಿ ತಾನಾಗಿ ಸುಲಭಕ್ಕೆ ಹರಳುಗಟ್ಟುವುದಿಲ್ಲ. ಜೋನಿ ಸಿಗದ ಊರಲ್ಲಿ 250 ಗ್ರಾಂ ಅಚ್ಚು ಬೆಲ್ಲವನ್ನು 80 ಮಿಲಿ ನೀರಲ್ಲಿ ಕರಗಿಸಿ, ಕಡ್ಡಾಯವಾಗಿ ಸೋಸಿಕೊಳ್ಳಿ. ಬಣ್ಣ ಬಿಳಿಚಿಕೊಂಡ ಬೆಲ್ಲಕ್ಕಿಂತ ಕಪ್ಪು ಬೆಲ್ಲಕ್ಕೆ ಪರಿಮಳ ಜಾಸ್ತಿ.

ಬೆಲ್ಲದ ಪಾಕ ಸಕ್ಕರೆಯದಕ್ಕಿಂತ ಹೆಚ್ಚು ಉಕ್ಕುತ್ತದೆ, ಬೇಗ ಸೀಯುತ್ತದೆ. ಉರಿ ಸಣ್ಣದಿರಲಿ. ಇದಕ್ಕೆ ಮಾತ್ರ ಕೊನೆಯ ತನಕ ಮೆಲ್ಲಗೆ ಕೈಯಾಡಿಸುತ್ತಿರಬೇಕು. ಹದ ಅದೇ, ಗಟ್ಟಿ ಉಂಡೆ. ಬಣ್ಣ ನೋಡಿ ಹದ ಹೇಳಲು ಇದರಲ್ಲಿ ಆಗುವುದಿಲ್ಲ, ಮೊದಲಿಂದಲೂ ಕಪ್ಪೇ. ಹಾಗಾಗಿ ತಣ್ಣೀರ ಬಟ್ಟಲು ಬಿಡಬೇಡಿ. ಇಳಿಸಿದ ಮೇಲೆ ಕಾಲು ಟೀ ಚಮಚ ಅಡುಗೆ ಸೋಡಾ ಹಾಕಿದರೆ ಪಾಕ ನೊರೆಯೇಳುತ್ತದೆ, ಉಂಡೆ ಕಚ್ಚಲು ಹಗುರವಾಗುತ್ತದೆ. ಹಾಕದಿದ್ದರೂ ನಡೆಯುತ್ತದೆ.

ಒಂದು ಹಿಡಿ ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ ಸೇರಿಸಿದರೆ ಇನ್ನೂ ರುಚಿ. ಷಿಕಾಗೋದ ಕ್ರ್ಯಾಕರ್ ಜ್ಯಾಕ್ ಎಂಬ ಪೊಟ್ಟಣದ ತಿಂಡಿ ಇದೇ ಮೇಳ: ಪಾಪ್‌ಕಾರ್ನ್, ಕಡಲೆಕಾಯಿ, ಮೊಲಾಸಸ್. 1896ರಿಂದ ಆ ಹೆಸರಲ್ಲಿ ಮಾರುತ್ತಿದ್ದಾರೆ. ಮಾರ್ಷ್‌ಮೆಲ್ಲೋ ಕರಗಿಸಿ ಮಾಡುವ ಇನ್ನೊಂದು ಬಗೆ ಈಗ ಎಲ್ಲೆಡೆ ಕಾಣುತ್ತದೆ. ಸುಲಭವೇನೋ ಹೌದು, ಪಾಕದ ತಲೆನೋವೇ ಇಲ್ಲ. ನನಗಂತೂ ಅದು ಜಿಗುಟು ಅನಿಸುತ್ತದೆ, ಹಳೇ ಕಾಲದ್ದಂತೂ ಅಲ್ಲ. ಸಸ್ಯಾಹಾರಿಗಳು ಗಮನಿಸಿ, ಸಾಮಾನ್ಯ ಮಾರ್ಷ್‌ಮೆಲ್ಲೋದಲ್ಲಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಗಳಿಂದ ಬಂದದ್ದು.

ಯಾವಾಗ ಮಾಡಬೇಕು, ಹೇಗೆ ಇಡಬೇಕು

ಅಮೆರಿಕದಲ್ಲಿ ಇದು ಅಕ್ಟೋಬರ್‌ನಿಂದ ಡಿಸೆಂಬರ್ ತನಕದ ತಿಂಡಿ. ಅಕ್ಟೋಬರ್ 31ರ ಹ್ಯಾಲೊವೀನ್ ರಾತ್ರಿ ಮನೆ ಬಾಗಿಲಿಗೆ ಬರುವ ಮಕ್ಕಳ ಚೀಲಕ್ಕೆ ಒಂದೊಂದು ಉಂಡೆ ಹಾಕುತ್ತಿದ್ದರು. ಅಪರಿಚಿತರ ಮನೆಯ ತಿಂಡಿಗೆ ಹೆದರುವ ಕಾಲ ಬಂದ ಮೇಲೆ ಆ ಜಾಗವನ್ನು ಅಂಗಡಿಯ ಚಾಕೊಲೇಟ್ ಪೊಟ್ಟಣ ಹಿಡಿಯಿತು. ಕ್ರಿಸ್‌ಮಸ್ ಮರಕ್ಕೂ ಬಣ್ಣದ ಕಾಗದ ಸುತ್ತಿದ ಉಂಡೆ ಕಟ್ಟುತ್ತಿದ್ದರು. ಅಯೋವಾ ರಾಜ್ಯದ ಸ್ಯಾಕ್ ಸಿಟಿ ಎಂಬ ಪುಟ್ಟ ಊರಿನವರು 2016ರಲ್ಲಿ 4 ಟನ್‌ಗೂ ಜಾಸ್ತಿ ತೂಕದ ಉಂಡೆ ಕಟ್ಟಿ ದಾಖಲೆ ಮಾಡಿದರು. ಅದನ್ನು ಊರಲ್ಲೇ ಒಂದು ಗೂಡು ಕಟ್ಟಿ ಇಟ್ಟಿದ್ದಾರೆ.

ಈ ತಿಂಗಳುಗಳಿಗೆ ಅಡುಗೆಯ ಲೆಕ್ಕದಲ್ಲೂ ಅರ್ಥ ಇದೆ. ಆಗ ಅಲ್ಲಿ ಗಾಳಿ ಒಣ. ಸಕ್ಕರೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಪಾಪ್‌ಕಾರ್ನ್ ಇನ್ನೂ ಬೇಗ ಹೀರಿಕೊಳ್ಳುತ್ತದೆ. ಆಷಾಢದ ಮಳೆಯಲ್ಲಿ ಕರಾವಳಿಯಲ್ಲೋ ಮಲೆನಾಡಲ್ಲೋ ಮಾಡಿದರೆ ಎಂಥ ಹದದ ಪಾಕವೂ ಒಂದೇ ದಿನದಲ್ಲಿ ಜಿಗುಟಾಗುತ್ತದೆ. ದೀಪಾವಳಿಯಿಂದ ಸಂಕ್ರಾಂತಿ ತನಕ ನಮ್ಮಲ್ಲೂ ಒಳ್ಳೆಯ ಕಾಲ. ಮಳೆಗಾಲದಲ್ಲೇ ಮಾಡಬೇಕೆಂದರೆ ಪಾಕವನ್ನು ಎರಡು ಡಿಗ್ರಿ ಮುಂದಕ್ಕೆ ತೆಗೆದುಕೊಂಡು ಹೋಗಿ, ಉಂಡೆ ಆರಿದ ಕೂಡಲೇ ಸುತ್ತಿಡಿ.

ಪೂರ್ತಿ ಆರಲು ಅರ್ಧ ಗಂಟೆ ಬೇಕು. ಬಿಸಿಯಿರುವಾಗ ಸುತ್ತಿದರೆ ಒಳಗೆ ಬೆವರುತ್ತದೆ. ಒಂದೊಂದನ್ನೂ ಬೇರೆ ಬೇರೆ ಬಟರ್ ಪೇಪರ್‌ನಲ್ಲಿ ಸುತ್ತಿ, ಎರಡೂ ತುದಿ ತಿರುಚಿ, ಗಾಳಿಯಾಡದ ಡಬ್ಬಿಯಲ್ಲಿಡಿ. ನಾಲ್ಕೈದು ದಿನ ಗರಿಗರಿಯಾಗಿರುತ್ತದೆ. ಫ್ರಿಜ್‌ನಲ್ಲಿಡಬೇಡಿ, ಹೊರಗೆ ತೆಗೆದ ಕೂಡಲೇ ತೇವ ಕೂತು ಮೆತ್ತಗಾಗುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಪಾಪ್‌ಕಾರ್ನನ್ನು ಯಾವ ರೂಪದಲ್ಲೂ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರಿಗೂ ಇದು ಆಗದು.

ಕೈಕೊಟ್ಟಾಗ

ಉಂಡೆ ಜಿಗುಟಾಗಿ ಕುಸಿದರೆ ಪಾಕ ಎಳೆಯದಾಗಿತ್ತು ಎಂದರ್ಥ. ಬಿಡಿಸಿ ಟ್ರೇ ಮೇಲೆ ಹರಡಿ 120 ಡಿಗ್ರಿ ಓವನ್‌ನಲ್ಲಿ 20 ನಿಮಿಷ ಇಟ್ಟರೆ ನೀರು ಆರಿ ಗರಿಗರಿಯಾಗುತ್ತದೆ. ಬಿಸಿಯಲ್ಲೇ ಮತ್ತೆ ಕಟ್ಟಬಹುದು. ಉದುರಿ ಹೋಗುತ್ತಿದ್ದರೆ ಒಂದೋ ಪಾಪ್‌ಕಾರ್ನ್ ಜಾಸ್ತಿಯಾಗಿದೆ, ಇಲ್ಲಾ ಕಟ್ಟುವಷ್ಟರಲ್ಲಿ ಆರಿದೆ. ಮತ್ತೆ ಬಿಸಿ ಮಾಡಿ ನೋಡಿ. ಆಗದಿದ್ದರೆ ಹಾಗೇ ಬಿಡಿಬಿಡಿಯಾಗಿ ಡಬ್ಬಿಗೆ ತುಂಬಿ. ಅದನ್ನೇ ಕ್ಯಾರಮೆಲ್ ಪಾಪ್‌ಕಾರ್ನ್ ಅಂತ ಮಾಲ್‌ಗಳಲ್ಲಿ ದುಬಾರಿ ಬೆಲೆಗೆ ಮಾರುತ್ತಾರೆ. ಪಾಕ ಒಲೆಯ ಮೇಲೇ ಮರಳಾದರೆ ಕಾಲು ಕಪ್ ನೀರು ಹಾಕಿ, ಪೂರ್ತಿ ಕರಗಿಸಿ, ನಿಂಬೆರಸ ಸೇರಿಸಿ ಮೊದಲಿಂದ ಕಾಯಿಸಿ. ಸೀದ ವಾಸನೆ ಬಂದರೆ ಮಾತ್ರ ಯಾವ ಉಪಾಯವೂ ಇಲ್ಲ, ಚೆಲ್ಲಬೇಕು.

ಪಾಕದ ಪಾತ್ರೆಯ ತಳದಲ್ಲಿ ಗಾಜಿನಂತೆ ಅಂಟಿಕೊಂಡದ್ದನ್ನು ಕೆರೆಯಲು ಹೋಗಬೇಡಿ. ನೀರು ತುಂಬಿಸಿ, ಸೌಟುಗಳನ್ನೂ ಅದರಲ್ಲೇ ಮುಳುಗಿಸಿ, ಒಲೆಯ ಮೇಲಿಟ್ಟು ಕುದಿಸಿ. ಐದು ನಿಮಿಷಕ್ಕೆ ಎಲ್ಲ ಕರಗಿ ಪಾತ್ರೆ ಬಿಡುತ್ತದೆ.